ದೂರವಾಣಿ ಮತ್ತು ಸಹಕಾರ: ಪಂಜ ಸೀಮೆಯ ನಿದರ್ಶನದಿಂದ ಒಂದು ವಿವೇಚನೆ

ಪಂಜವು ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಒಂದು ಹೋಬಳಿಯ ಕೇಂದ್ರ. ಒಂದು ಕಾಲಕ್ಕೆ ಈ ಭಾಗವೆಲ್ಲವೂ ಪುತ್ತೂರು ತಾಲೂಕಿಗೆ ಸೇರಿದ್ದಿತು. ಮುಂದೆ ಸುಳ್ಯ, ತೀರ ಈಚೆಗೆ ಕಡಬ, ಹೀಗೆ ಅದರಿಂದ ಬೇರೆ ತಾಲೂಕುಗಳು ರಚಿತವಾದುವು. ಘಟ್ಟದ ಬುಡದಲ್ಲಿರುವ ಈ ಸೀಮೆಯ ವಸತಿಯ ರೀತಿಯನ್ನು ಬಯಲುಸೀಮೆಯ ವಾಚಕರಿಗೆ ಮೊದಲು ತಿಳಿಸುವುದು ಅವಶ್ಯಕ. ಮುಂದೆ ಹೇಳತಕ್ಕ ವಿಷಯವೆಲ್ಲವೂ ಅದನ್ನೇ ಅವಲಂಬಿಸಿದೆ. ಬಯಲುಸೀಮೆಯಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಮನೆಗಳ ಸಮೂಹ, ಹೊಲಗಳು ಊರ ಹೊರಗೆ. ಪಂಜ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ಒಂದು ಬೈಲು, ಬೈಲಿನ ಅಂಚಿಗೆ ಕಂಗಿನ ತೋಟ, ತೋಟದ ತಲೆಗೆ ಒಂದು ಮನೆ. ಮುಂದಿನ ಮನೆಗೆ ಹೋಗಬೇಕಾದರೆ ಒಂದು ಗುಡ್ಡವನ್ನು ಹತ್ತಿ ಇಳಿಯಬೇಕು, ಇಲ್ಲವೆ ಒಂದು ತೋಡನ್ನು ಕಾಲುಸಂಕದ ಮೇಲೆ ದಾಟಬೇಕು. ಕಂದಾಯದ ಲೆಕ್ಕದಲ್ಲಿ ಒಂದೇ ಗ್ರಾಮವೆನಿಸಿದ್ದು ನೆಲದ ಮೇಲೆ ಹತ್ತಾರು ಏಕಾಂತಗಳಾಗಿ ಹರಡಿರುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಘಟ್ಟಕ್ಕೆ ಸಮೀಪಿಸಿದಷ್ಟೂ ಅದು ಹೆಚ್ಚು.

ಇಂತಹ ಸೀಮೆಗೆ ದೂರವಾಣಿಯನ್ನು ಒಯ್ಯುವವರು ಯಾರು, ಅದರ ವೆಚ್ಚವನ್ನು ಹೊರುವವರು ಯಾರು ಎಂಬುದು ಪ್ರಶ್ನೆ. ಲೋಕದ ಎಲ್ಲ ದೇಶಗಳೂ ಇದಕ್ಕೆ ಒಂದೇ ಉತ್ತರವನ್ನು ಕೊಡಲಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೈತರೇ ತಂತಿಯನ್ನೆಳೆದು ಕಂಪನಿಗಳನ್ನು ಕಟ್ಟಿಕೊಂಡರು. ಆ ಸಣ್ಣ ಕಂಪನಿಗಳೆಲ್ಲ ಸೇರಿ ರಾಜ್ಯ ರಾಜ್ಯಗಳಲ್ಲಿ ದೂರವಾಣಿ ಉದ್ಯಮದ ಸಂಘಗಳನ್ನು ಸ್ಥಾಪಿಸಿದುವು. ಭಾರತದಲ್ಲಿ ಗ್ರಾಮಾಂತರ ದೂರವಾಣಿ ಕಂಪನಿಗಳೂ ಬೆಳೆಯಲಿಲ್ಲ, ಅವುಗಳ ಪ್ರಾದೇಶಿಕ ಸಂಘವೂ ಹುಟ್ಟಲಿಲ್ಲ. ಇದಕ್ಕೆ ನಮ್ಮ ಜನರಲ್ಲಿ ಸಂಘಟನೆಯ ಶಕ್ತಿಯಿಲ್ಲದಿದ್ದುದೇ ಕಾರಣವೆಂದು ಕೆಲವರು ಭಾವಿಸುವುದುಂಟು. ಪಂಜ ಸೀಮೆಯ ಚರಿತ್ರೆಯನ್ನು ಬಲ್ಲವರು ಈ ಮಾತನ್ನು ಒಪ್ಪಲಾರರು.

ಮೊದಲು ಅಮೆರಿಕದ ಸಂಗತಿ. ಅಲೆಗ್ಸಾಂಡರ್ ಗ್ರಹಾಂ ಬೆಲ್ಲನಿಗೆ 1876 ಮತ್ತು 1877ರಲ್ಲಿ ದೊರೆತ ಏಕಸ್ವಾಮ್ಯದ ಹಕ್ಕುಪತ್ರಗಳು 1893 ಮತ್ತು 1894ರಲ್ಲಿ ಅವಧಿ ಮುಗಿದು ತೀರಿಹೋದುವು. ಅದುವರೆಗೆ ಬೆಲ್ ಕಂಪನಿಯು ಲಾಭ ಹೆಚ್ಚಾಗಿದ್ದ ನಗರಗಳಲ್ಲಿಯೇ ನಿಂತಿದ್ದಿತು; ಮೈಲಿಗೆ ಒಂದೋ ಎರಡೋ ಮನೆಗಳಿರುವ ಹಳ್ಳಿಗಾಡಿಗೆ ಹೋಗುವ ಪ್ರಯೋಜನ ಅದಕ್ಕೆ ಕಾಣಲಿಲ್ಲ. ದೂರವಾಣಿಯ ಉದ್ಯಮದಲ್ಲಿ ದುಬಾರಿಯಾದದ್ದು ಕೈಯಲ್ಲಿ ಹಿಡಿಯುವ ಯಂತ್ರವಲ್ಲ, ಅದಕ್ಕೆ ಬರುವ ತಂತಿ ಮತ್ತು ಕಂಬ. ಒಂದು ಮೈಲಿ ತಂತಿಯ ಮೇಲೆ ನಲವತ್ತು ಮನೆಗಳಿದ್ದರೆ ವೆಚ್ಚ ಹಂಚಿಹೋಗುತ್ತದೆ. ಒಂದೇ ಮನೆಯಿದ್ದರೆ ಅಷ್ಟೂ ಅದರ ತಲೆಯ ಮೇಲೆಯೇ. ಹಕ್ಕುಪತ್ರಗಳು ಮುಗಿದೊಡನೆ ರೈತರು ತಾವೇ ಕೂಡಿಕೊಂಡರು. ಒಬ್ಬನು ಕಂಬ ಕಡಿದು ತಂದನು, ಇನ್ನೊಬ್ಬನು ಗುಂಡಿ ತೋಡಿದನು. ಕೆಲವೆಡೆ ಹೊಲದ ಬೇಲಿಯ ಮುಳ್ಳುತಂತಿಯೇ ಮಾತನ್ನು ಸಾಗಿಸುವ ತಂತಿಯಾಯಿತು. ಒಂದೇ ತಂತಿಗೆ ಹತ್ತಾರು ಮನೆಗಳು ಜೋಡಣೆಯಾಗಿ, ಇಂಥ ಮನೆಗೆ ಎರಡು ಉದ್ದನೆಯ ಗಂಟೆ, ಇಂಥದಕ್ಕೆ ಒಂದು ಉದ್ದ ಒಂದು ಗಿಡ್ಡ ಎಂಬ ಸಂಕೇತಗಳಿದ್ದುವು. ಗಂಟೆ ಯಾರಿಗಾಗಿ ಬಾರಿಸಿದರೂ ಎಲ್ಲರೂ ಎತ್ತಿ ಕೇಳುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಅದನ್ನು ದೋಷವೆನ್ನಬೇಕೋ ಒಂಟಿಮನೆಗಳ ವಿನೋದವೆನ್ನಬೇಕೋ ಹೇಳುವುದು ಕಷ್ಟ. 1907ರ ಹೊತ್ತಿಗೆ ಆ ದೇಶದ ದೂರವಾಣಿಗಳಲ್ಲಿ ಸುಮಾರು ಅರ್ಧದಷ್ಟು ಬೆಲ್ ಕಂಪನಿಗೆ ಸೇರದವರ ಕೈಯಲ್ಲಿದ್ದುವು.

ಈ ಸ್ವತಂತ್ರ ಕಂಪನಿಗಳು 1897ರಲ್ಲಿಯೇ ರಾಷ್ಟ್ರಮಟ್ಟದ ಸಂಘವೊಂದನ್ನು ಸ್ಥಾಪಿಸಿಕೊಂಡುವು; ರಾಜ್ಯಗಳ ಸಂಘಗಳೂ ಹುಟ್ಟಿದುವು. ಪೈಪೋಟಿಗಾರರು ಸಂಘ ಕಟ್ಟುವುದೇತಕ್ಕೆ? ದೂರವಾಣಿಯ ಸ್ವಭಾವದಲ್ಲಿಯೇ ಇದಕ್ಕೆ ಉತ್ತರವಿದೆ. ಬಟ್ಟೆ ನೇಯುವವನಿಗೆ ನೆರೆಯ ನೇಕಾರನ ಹಂಗಿಲ್ಲ. ದೂರವಾಣಿಯವನ ತಂತಿಯಾದರೋ ನೆರೆಯವನ ತಂತಿಗೆ ಕೂಡಿದಷ್ಟೂ ಬೆಲೆಬಾಳುತ್ತದೆ. ಹಳ್ಳಿಯಿಂದ ನಗರಕ್ಕೆ ಹೋಗುವ ಒಂದು ಕರೆಯು ಮೂವರು ಒಡೆಯರ ತಂತಿಗಳನ್ನು ಹಾದುಹೋಗಬಹುದು. ಹಣವನ್ನು ಪಡೆಯುವವನು ಒಬ್ಬನೇ. ಅದನ್ನು ಮೂವರಿಗೂ ಯಾವ ಪ್ರಮಾಣದಲ್ಲಿ ಹಂಚಬೇಕು? ಇಪ್ಪತ್ತು ಚಂದಾದಾರರ ಕಂಪನಿಯೊಂದು ಬೆಲ್ ಕಂಪನಿಯಂತಹ ದೈತ್ಯನೊಡನೆ ಈ ಲೆಕ್ಕವನ್ನು ಒಂಟಿಯಾಗಿ ವಾದಿಸಿ ಗೆಲ್ಲಲಾರದು. ಈ ವಾದವನ್ನು ಎಲ್ಲರ ಪರವಾಗಿ ನಡೆಸುವುದು, ದರ ಗೊತ್ತುಮಾಡುವ ಆಯೋಗಗಳ ಮುಂದೆ ಹಾಜರಾಗುವುದು, ಯಂತ್ರಗಳು ಒಂದಕ್ಕೊಂದು ಹೊಂದುವಂತೆ ನಿಯಮಗಳನ್ನು ಏರ್ಪಡಿಸುವುದು, ತಂತಿ ಕೆಲಸದವರಿಗೆ ಶಿಕ್ಷಣ ಕೊಡುವುದು ಇವೇ ಅಂತಹ ಸಂಘಗಳ ಕಾರ್ಯಗಳು. ಹಳ್ಳಿಯ ದೂರವಾಣಿಗೆ ರಾಜಧಾನಿಯಲ್ಲಿ ಒಂದು ಕಂಠವಿರಬೇಕೆಂಬುದೇ ಅವುಗಳ ಹುಟ್ಟಿನ ಮೂಲ.

ಹಾಗೆಂದು ಈ ವ್ಯವಸ್ಥೆಯನ್ನು ವಿಪರೀತವಾಗಿ ಹೊಗಳುವುದು ಸರಿಯಲ್ಲ. 1920ರಲ್ಲಿ ಅಮೆರಿಕದ ರೈತಮನೆಗಳಲ್ಲಿ ನೂರಕ್ಕೆ ಸುಮಾರು 39ರಲ್ಲಿ ದೂರವಾಣಿಯಿದ್ದಿತು. 1940ರಲ್ಲಿ ಅದು 25ಕ್ಕೆ ಇಳಿಯಿತು. ಆರ್ಥಿಕ ಮುಗ್ಗಟ್ಟು ಒಂದು ಕಾರಣ. ಜನರೇ ಎಳೆದ ಅಗ್ಗದ ತಂತಿಗಳು ಹಳತಾಗಿ, ಅವುಗಳನ್ನು ಹೊಸದಾಗಿ ಹಾಕಲು ಹಣವಿಲ್ಲದಿದ್ದುದು ಇನ್ನೊಂದು. ಉತ್ಸಾಹದಿಂದ ಕಟ್ಟಿದ್ದನ್ನು ಉತ್ಸಾಹದಿಂದಲೇ ಉಳಿಸಿಕೊಳ್ಳಲಾಗಲಿಲ್ಲ. ಕೊನೆಗೆ ಸರ್ಕಾರವೇ ಮುಂದೆ ಬಂದು, ಹಳ್ಳಿಗಳಿಗೆ ವಿದ್ಯುತ್ತನ್ನು ಒಯ್ಯಲು ಏರ್ಪಟ್ಟಿದ್ದ ಗ್ರಾಮೀಣ ವಿದ್ಯುದೀಕರಣ ಆಡಳಿತದ ಮೂಲಕ ದೂರವಾಣಿಗೂ ನೂರಕ್ಕೆ 2ರ ಬಡ್ಡಿಯಲ್ಲಿ ಸಾಲ ಕೊಡುವಂತೆ 1949ರಲ್ಲಿ ಶಾಸನ ಮಾಡಿತು. ಆ ಸಾಲದಿಂದ ನೂರಾರು ಸಹಕಾರ ಸಂಘಗಳು ಹೊಸ ತಂತಿಗಳನ್ನು ಹಾಕಿದುವು; 1954ರಲ್ಲಿ ಅವು ತಮ್ಮದೇ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿಕೊಂಡುವು. ಸರ್ಕಾರದ ಸಾಲ, ಸ್ಥಳೀಯರ ಒಡೆತನ, ಎಲ್ಲರ ಪರವಾಗಿ ಒಂದು ಸಂಘ: ಈ ಮೂರು ಕೂಡಿದಾಗಲೇ ಅಲ್ಲಿ ಹಳ್ಳಿಯ ದೂರವಾಣಿ ನಿಂತುಕೊಂಡಿತು.

ಇನ್ನು ಭಾರತದ ವಿಷಯ. ಇಲ್ಲಿ ದೂರವಾಣಿ ಬಂದದ್ದು ತಡವಾಗಿಯೇನೂ ಅಲ್ಲ, ಮೊದಲು ಬಂದದ್ದು ಸರ್ಕಾರದ ಕೈಯಿಂದಲೂ ಅಲ್ಲ. ಓರಿಯಂಟಲ್ ಟೆಲಿಫೋನ್ ಕಂಪನಿಯು 1881ರಲ್ಲಿ ಪರವಾನಗಿ ಪಡೆದು, 1882ರ ಜನವರಿಯಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿನಿಮಯ ಕೇಂದ್ರಗಳನ್ನು ತೆರೆಯಿತು. ಕಲ್ಕತ್ತೆಯ ಕೇಂದ್ರಕ್ಕೆ ಆಗ್ಗೆ ಇದ್ದ ಚಂದಾದಾರರು 93 ಮಂದಿ. ಆದರೆ ಮೂರೇ ವರ್ಷಗಳಲ್ಲಿ, 1885ರ ತಂತಿ ಸಮಾಚಾರ ಕಾಯಿದೆ ಬಂದಿತು. ಅದರ 4ನೆಯ ಪ್ರಕರಣವು ತಂತಿಯನ್ನು ಸ್ಥಾಪಿಸಿ ನಡೆಸುವ ಅನನ್ಯ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟು, ಇತರರಿಗೆ ಸರ್ಕಾರದ ಪರವಾನಗಿಯಿಂದ ಮಾತ್ರ ಅವಕಾಶವೆಂದು ವಿಧಿಸಿತು. ಕಾಯಿದೆ ಸಂಪೂರ್ಣವಾಗಿ ಬಾಗಿಲು ಮುಚ್ಚಲಿಲ್ಲವೆಂಬುದನ್ನು ಗಮನಿಸಬೇಕು; ಬಾಗಿಲಿನ ಕೀಲಿಯನ್ನು ಒಬ್ಬರ ಕೈಗೆ ಕೊಟ್ಟಿತು. ಕೀಲಿಯನ್ನು ಹಿಡಿದವರಿಗೆ ಅಂದಿನ ಚಿಂತೆ ರಾಜ್ಯಭಾರದ ಭದ್ರತೆಯೇ ಹೊರತು ಹಳ್ಳಿಯ ಸೌಕರ್ಯವಲ್ಲ. ಮೂರು ಮಹಾನಗರಗಳ ಖಾಸಗಿ ಕಂಪನಿಗಳನ್ನೂ 1943ರಲ್ಲಿ ಸರ್ಕಾರ ಕೊಂಡುಕೊಂಡಿತು. ಸ್ವಾತಂತ್ರ್ಯ ಬಂದಾಗ ಈ ವಿಶಾಲ ದೇಶದಲ್ಲಿದ್ದ ದೂರವಾಣಿಗಳು ಸುಮಾರು 80 ಸಾವಿರ ಮಾತ್ರ. ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದಿತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂದಾಗ ಆಡಳಿತದ ಕೇಂದ್ರ ಬದಲಾಯಿತು, ಒಡೆತನ ಬದಲಾಗಲಿಲ್ಲ.

ಯಂತ್ರದ ಚರಿತ್ರೆಯಲ್ಲಿ ಇಲ್ಲೊಂದು ಕುತೂಹಲದ ಅಂಶವಿದೆ. ನಡುವೆ ಯಾರ ನೆರವೂ ಇಲ್ಲದೆ ಕರೆಯನ್ನು ತಾನೇ ಜೋಡಿಸುವ ಸ್ವಯಂಚಾಲಿತ ಯಂತ್ರಕ್ಕೆ 1891ರಲ್ಲಿ ಹಕ್ಕುಪತ್ರ ಪಡೆದವನು ಆಲ್ಮನ್ ಸ್ಟ್ರೌಜರ್. ವೃತ್ತಿಯಿಂದ ಶವಸಂಸ್ಕಾರದ ಏರ್ಪಾಡು ಮಾಡುವವನು. ತನಗೆ ಬರಬೇಕಾದ ಕರೆಗಳನ್ನು ಕೇಂದ್ರದಲ್ಲಿ ಕುಳಿತವರು ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾರೆಂಬ ಗುಮಾನಿಯೇ ಅವನನ್ನು ಈ ಶೋಧನೆಗೆ ಹಚ್ಚಿತೆಂದು ಹೇಳುವುದುಂಟು. ಬೆಲ್ ಕಂಪನಿಗೆ ಬಹುಕಾಲ ಬೇಡವಾಗಿದ್ದ ಆ ಯಂತ್ರವನ್ನು ಆದರಿಸಿ ಬೆಳೆಸಿದವರು ಸ್ವತಂತ್ರ ಕಂಪನಿಗಳವರು. ಅದು ಅಟ್ಲಾಂಟಿಕ್ ಸಾಗರವನ್ನು ದಾಟಿ ಲಿವರ್‌ಪೂಲಿನ ಆಟೋಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ಕೈಸೇರಿತು. ಆ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದದಿಂದ 1948ರಲ್ಲಿ ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. 1950ರಲ್ಲಿ ಅದು ಕಂಪನಿಯಾಗಿ ನೋಂದಣಿಯಾದಾಗ ಭಾರತ ಸರ್ಕಾರದೊಡನೆ ಮೈಸೂರು ಸರ್ಕಾರವೂ ಲಿವರ್‌ಪೂಲಿನ ಕಂಪನಿಯೂ ಪಾಲುದಾರರಾಗಿದ್ದುವು. ಕೃಷ್ಣರಾಜಪುರದ ಬಳಿ ದೂರವಾಣಿನಗರವೆಂಬ ಊರೇ ಬೆಳೆಯಿತು. ಹೀಗೆ ಸಣ್ಣ ಕಂಪನಿಗಳ ಆಶ್ರಯದಲ್ಲಿ ಬೆಳೆದ ಯಂತ್ರವು ಕರ್ನಾಟಕಕ್ಕೆ ಬಂದಿತು. ಆ ಸಣ್ಣ ಕಂಪನಿಗಳ ಪದ್ಧತಿ ಮಾತ್ರ ಬರಲಿಲ್ಲ.

ಆ ಪದ್ಧತಿ ಬರಲು ನಮ್ಮಲ್ಲಿ ನೆಲ ಹದವಾಗಿರಲಿಲ್ಲವೆ? ಪಂಜ ಸೀಮೆಯ ಸಾಕ್ಷ್ಯವನ್ನು ಇಲ್ಲಿ ನೋಡಬೇಕು. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ 1909ರಲ್ಲಿ ಸಹಕಾರ ಪತ್ತಿನ ಸಂಘವನ್ನು ಆರಂಭಿಸಿದರು. 1914ರಲ್ಲಿ ಜಿಲ್ಲೆಯ ಕೇಂದ್ರ ಸಹಕಾರ ಬ್ಯಾಂಕು ಸ್ಥಾಪಿತವಾದದ್ದೂ ಪುತ್ತೂರಿನಲ್ಲಿಯೇ, ಮಂಗಳೂರಿನಲ್ಲಲ್ಲ. ಪಂಜ ಆಗ ಸೇರಿದ್ದುದು ಈ ಪುತ್ತೂರು ತಾಲೂಕಿಗೆ ಎಂಬುದನ್ನು ನೆನೆಯಬೇಕು. ಅಡಕೆಯ ಬೆಲೆ ಕುಸಿದಾಗ, ಬೆಳೆಗಾರರು ದಲ್ಲಾಳಿಗಳನ್ನೇ ನಂಬಿ ಕೂರದೆ, ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳನ್ನು ವ್ಯಾಪಿಸಿದ ಕ್ಯಾಂಪ್ಕೋ ಸಂಸ್ಥೆಯನ್ನು ಕಟ್ಟಿದರು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟು ಕಾರ್ಖಾನೆ ತೆರೆಯಿತು. ಒಂಟಿಮನೆಗಳ ಈ ಸೀಮೆಯ ಜನರು ಹಣಕ್ಕೂ ಬೆಳೆಗೂ ಹಾಲಿಗೂ ಸಂಘ ಕಟ್ಟಿದರು. ಮನೆಗಳು ದೂರದೂರವಿದ್ದುದು ಅವರನ್ನು ತಡೆಯಲಿಲ್ಲ. ಒಂಟಿಯಾಗಿರುವವನಿಗೆ ಸಂಘದ ಅಗತ್ಯ ಹೆಚ್ಚೆಂದೇ ಹೇಳಬೇಕು. ಅಡಕೆ ಬೆಳೆಗಾರನಿಗೆ ದೂರವಾಣಿಯ ಪ್ರಯೋಜನವೂ ಸ್ಪಷ್ಟವಾಗಿದ್ದಿತು. ಕೊಯ್ದು ಒಣಗಿಸಿ ಸುಲಿದ ಅಡಕೆಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಡಬಹುದು. ಇಂದು ಮಾರಬೇಕೋ ಮುಂದಿನ ವಾರ ಮಾರಬೇಕೋ ಎಂಬುದೇ ಅವನ ಲಾಭನಷ್ಟದ ನಿರ್ಣಯ. ಮಂಗಳೂರಿನ ಪೇಟೆಯ ಬೆಲೆ ಆ ದಿನವೇ ತಿಳಿಯುವುದಕ್ಕೂ ಮೂರು ದಿನ ಕಳೆದು ಲಾರಿಯವನ ಬಾಯಿಂದ ತಿಳಿಯುವುದಕ್ಕೂ ಇರುವ ಅಂತರ ಅಲ್ಪವಲ್ಲ.

ಇದಕ್ಕಿಂತಲೂ ಬಲವಾದ ಪುರಾವೆಯು ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿದೆ. ಮೇಲೆ ಹೇಳಿದ ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳ ಮಾದರಿಯನ್ನು ಭಾರತವು 1960ರ ದಶಕದ ಕೊನೆಯಲ್ಲಿ ಸ್ವೀಕರಿಸಿತು. ಗ್ರಾಮೀಣ ವಿದ್ಯುದೀಕರಣ ನಿಗಮ 1969ರಲ್ಲಿ ಸ್ಥಾಪಿತವಾಯಿತು. ದೇಶದಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದು ಒಂದು. ಅದು ಇಂದಿಗೂ ತನ್ನ ಸದಸ್ಯರ ಊರುಗಳಿಗೆ ವಿದ್ಯುತ್ತನ್ನು ಹಂಚುತ್ತಿದೆ. ಅಮೆರಿಕದಲ್ಲಿ ಒಂದೇ ಆಡಳಿತವು ಒಂದೇ ಬಗೆಯ ಸಹಕಾರ ಸಂಘಗಳಿಗೆ ವಿದ್ಯುತ್ತಿಗೂ ದೂರವಾಣಿಗೂ ಸಾಲ ಕೊಟ್ಟಿತ್ತೆಂಬುದನ್ನು ಕಂಡೆವು. ಅದರಲ್ಲಿ ವಿದ್ಯುತ್ತಿನ ಅರ್ಧ ಮಾತ್ರ ಕರ್ನಾಟಕಕ್ಕೆ ಬಂದು, ದೂರವಾಣಿಯ ಅರ್ಧ ಅಲ್ಲಿಯೇ ಉಳಿದದ್ದೇಕೆ? ವಿದ್ಯುತ್ತಿನ ಶಾಸನಗಳಲ್ಲಿ ಪರವಾನಗಿ ಪಡೆದ ಸ್ಥಳೀಯ ವಿತರಕನಿಗೆ ಮೊದಲಿನಿಂದಲೂ ಎಡೆಯಿದ್ದು, ಅಂಥವರು ಅನೇಕರು ವಾಸ್ತವವಾಗಿ ಇದ್ದರು. ದೂರವಾಣಿಯಲ್ಲಿ ಅಂಥವನೊಬ್ಬನು ಗ್ರಾಮಾಂತರದಲ್ಲಿ ಹುಟ್ಟಲೇ ಇಲ್ಲ. ಹುಕ್ಕೇರಿಯ ರೈತನು ವಿದ್ಯುತ್ತಿನ ಕಂಬಕ್ಕೆ ಒಡೆಯನಾಗಬಹುದು, ಪಕ್ಕದ ದೂರವಾಣಿಯ ಕಂಬಕ್ಕೆ ಆಗಲಾರನು. ಜನರ ಯೋಗ್ಯತೆಯಲ್ಲಿ ಭೇದವಿರಲಿಲ್ಲ. ಎರಡು ಕಾಯಿದೆಗಳ ಭೇದ ಅದು.

ಏಕಸ್ವಾಮ್ಯಕ್ಕೂ ಅದರದೇ ಸಮರ್ಥನೆಯುಂಟು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಒಡೆಯನೊಬ್ಬನೇ ಇದ್ದುದರಿಂದ ಕರೆಯ ಹಣವನ್ನು ಹಂಚುವ ವ್ಯಾಜ್ಯವೇ ಏಳಲಿಲ್ಲ. ನಗರಗಳ ನಡುವಣ ಟ್ರಂಕ್ ಕರೆಗಳಿಂದ ಬಂದ ಲಾಭದಿಂದ ಹಳ್ಳಿಯ ಬಾಡಿಗೆಯನ್ನು ಕಡಿಮೆಯಾಗಿಡಲು ಸಾಧ್ಯವಾಯಿತು. ಅಮೆರಿಕದ ರೈತರ ತಂತಿಗಳಿಗೆ ಬಂದ ಜೀರ್ಣಾವಸ್ಥೆಯೂ ಬಹುಮಟ್ಟಿಗೆ ತಪ್ಪಿತು. ಆದರೆ ಯಾವ ಹಳ್ಳಿಗೆ ಮೊದಲು, ಯಾವುದಕ್ಕೆ ಅನಂತರ ಎಂಬ ನಿರ್ಣಯವು ದೂರದ ಕಚೇರಿಯೊಂದರಲ್ಲಿ ನಕ್ಷೆಯ ಮೇಲೆ ನಡೆಯುತ್ತಿದ್ದಿತು. ಇದಕ್ಕೆ 1980ರ ದಶಕದ ಷಟ್ಕೋನ ಯೋಜನೆ ಒಳ್ಳೆಯ ಉದಾಹರಣೆ. ದೇಶದ ನಕ್ಷೆಯನ್ನೆಲ್ಲ ಜೇನುಗೂಡಿನಂತೆ, 5 ಕಿಲೋಮೀಟರು ಭುಜವುಳ್ಳ ಷಟ್ಕೋನಗಳಾಗಿ ವಿಭಾಗಿಸಿ, ಪ್ರತಿಯೊಂದರಲ್ಲಿಯೂ ಒಂದು ಸಾರ್ವಜನಿಕ ದೂರವಾಣಿಯನ್ನು ಇಡಬೇಕೆಂಬುದು ಅದರ ಉದ್ದೇಶ. ಅಂತಹ ಒಂದು ಷಟ್ಕೋನದ ವಿಸ್ತೀರ್ಣ ಸುಮಾರು 65 ಚದರ ಕಿಲೋಮೀಟರು. ನಡುವಿನಿಂದ ಮೂಲೆಗೆ 5 ಕಿಲೋಮೀಟರು. ಗಣಿತದ ದೃಷ್ಟಿಯಿಂದ ನಿರ್ದುಷ್ಟವಾದ ಯೋಜನೆ. ಬಯಲಿನಲ್ಲಿ 5 ಕಿಲೋಮೀಟರೆಂದರೆ ಒಂದು ಗಂಟೆಯ ನಡಿಗೆ. ಪಂಜ ಸೀಮೆಯಲ್ಲಿ, ಆಷಾಢದಲ್ಲಿ ಹೊಳೆ ತುಂಬಿ ಕಾಲುಸಂಕ ಮುಳುಗಿದಾಗ, ಕೂಗಿದರೆ ಕೇಳಿಸುವ ಆಚೆ ದಡದ ಮನೆಯೂ ದೂರವೇ. ಹಾವು ಕಚ್ಚಿದವನಿಗೆ, ಹೆರಿಗೆಯ ನೋವೆದ್ದವಳಿಗೆ ದೂರವಾಣಿ ಬೇಕಾಗುವುದು ಅಂತಹ ರಾತ್ರಿಯಲ್ಲಿಯೇ. ಗ್ರಾಮಕ್ಕೆ ಒಂದರಂತೆ ಎಂಬ 1994ರ ರಾಷ್ಟ್ರೀಯ ನೀತಿಯೂ ಇದೇ ಬಗೆಯದು: ಊರು ಒತ್ತಾಗಿದ್ದರೆ ಒಂದು ಯಂತ್ರ ಎಲ್ಲರದೂ ಆಗುತ್ತದೆ, ಊರು ಹರಡಿದ್ದರೆ ಅದು ಯಾರ ಜಗಲಿಯಲ್ಲಿದೆಯೋ ಅವರದು. ಒಂಟಿಮನೆಗಳ ಸೀಮೆಗಳಿಗೆಲ್ಲ ಸೇರಿದ ಒಂದು ಸಂಘವಿದ್ದಿದ್ದರೆ ಈ ಆಕ್ಷೇಪವನ್ನು ಸರಿಯಾದ ಸ್ಥಳದಲ್ಲಿ ಎತ್ತುವವರಿರುತ್ತಿದ್ದರು.

ಹಳ್ಳಿಗೆ ನಿಜವಾದ ಉಪಕಾರ ಬಂದದ್ದು ಯಂತ್ರದ ಕಡೆಯಿಂದ. ಬೆಂಗಳೂರಿನ ಕಾರ್ಖಾನೆಯು 1964ರ ಒಪ್ಪಂದದಂತೆ ಬೆಲ್ಜಿಯಂ ದೇಶದ ಕ್ರಾಸ್‌ಬಾರ್ ಯಂತ್ರವನ್ನು ಮಾಡತೊಡಗಿತಷ್ಟೆ. ಅದು ನಮ್ಮ ನಗರಗಳಲ್ಲಿ ತುಂಬ ತೊಂದರೆ ಕೊಟ್ಟಿತು. ಯೂರೋಪಿನಲ್ಲಿ ಮನೆಮನೆಗೂ ದೂರವಾಣಿಯಿದ್ದು ಪ್ರತಿಯೊಂದೂ ದಿನದ ಹೆಚ್ಚು ಹೊತ್ತು ಸುಮ್ಮನಿರುತ್ತದೆಂಬ ಲೆಕ್ಕದಿಂದ ಅದನ್ನು ರಚಿಸಿದ್ದರು. ಇಲ್ಲಿಯಾದರೋ ಒಂದು ದೂರವಾಣಿಯನ್ನು ಇಡೀ ಬೀದಿಯೇ ಬಳಸುತ್ತದೆ. ಅದು ಬಿಡುವೇ ಇಲ್ಲದೆ ದುಡಿಯುತ್ತದೆ. ಈ ಅನುಭವದಿಂದ ಪಾಠ ಕಲಿತು, 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ನಮ್ಮ ಬಳಕೆಗೂ ನಮ್ಮ ಹವೆಗೂ ತಕ್ಕ, 128 ತುದಿಗಳ ಒಂದು ಸಣ್ಣ ಗ್ರಾಮೀಣ ವಿನಿಮಯ ಯಂತ್ರವನ್ನು ರಚಿಸಿತು. ಕೋಣೆಯನ್ನು ತಂಪುಗೊಳಿಸುವ ಯಂತ್ರದ ಹಂಗಿಲ್ಲದೆ, ಧೂಳು ಸೆಕೆಗಳನ್ನು ಸಹಿಸಿಕೊಂಡು ಅದು ನಡೆಯುತ್ತಿದ್ದಿತು. ಮೊದಲನೆಯದನ್ನು 1986ರಲ್ಲಿ ಕಿತ್ತೂರಿನಲ್ಲಿ ನೆಲೆಗೊಳಿಸಿದರು. ಹುಕ್ಕೇರಿಯಿರುವ ಜಿಲ್ಲೆಯಲ್ಲಿಯೇ ಇದೂ ಆದದ್ದು ಆಕಸ್ಮಿಕ. ನೂರು ಮನೆಗಳ ಸಹಕಾರ ಸಂಘವೊಂದು ಕೊಂಡು ನಡೆಸಲು ಅಳತೆ ಮಾಡಿ ಮಾಡಿದಂತಹ ಯಂತ್ರ ಅದು. ಆದರೆ ಅದನ್ನು ಕೊಳ್ಳುವ ಹಕ್ಕು ಆಗ್ಗೆ ಒಬ್ಬನೇ ಗಿರಾಕಿಗೆ ಇದ್ದಿತು. ಅದೇ ಕಾಲದಲ್ಲಿ ಹಳದಿ ಬಣ್ಣದ ಫಲಕ ತೂಗುಹಾಕಿದ ಎಸ್.ಟಿ.ಡಿ. ಅಂಗಡಿಗಳು ಪೇಟೆ ಪೇಟೆಗಳಲ್ಲಿ ಎದ್ದುವು. ಅವುಗಳನ್ನು ನಡೆಸಿದವರು ಸಾಮಾನ್ಯ ಜನ, ಅನೇಕರು ಅಂಗವಿಕಲರು. ಸ್ಥಳೀಯನಿಗೆ ಸ್ವಲ್ಪ ಪಾಲು ಕೊಟ್ಟರೆ ದೂರವಾಣಿ ಎಷ್ಟು ಬೇಗ ಹರಡುತ್ತದೆಂಬುದನ್ನು ಆ ಅಂಗಡಿಗಳು ತೋರಿಸಿದುವು.

1994ರ ನೀತಿಯಿಂದ ಏಕಸ್ವಾಮ್ಯ ಸಡಿಲವಾಯಿತು. ಆಗ ಸಂಘಗಳೂ ಹುಟ್ಟಿದುವು: ಸಂಚಾರಿ ದೂರವಾಣಿ ಕಂಪನಿಗಳ ರಾಷ್ಟ್ರೀಯ ಸಂಘವು 1995ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾಯಿತು. ಆದರೆ ಹೊಸ ಪರವಾನಗಿಗಳನ್ನು ಕೊಟ್ಟದ್ದು ಇಡೀ ರಾಜ್ಯವನ್ನೇ ಒಂದು ವಲಯವಾಗಿ ಎಣಿಸಿ. ಹೋಬಳಿಗೆ ತಕ್ಕ ಪರವಾನಗಿ ಎಂಬುದಿರಲಿಲ್ಲ. ಆದುದರಿಂದ ಸಂಘದ ಸದಸ್ಯರು ದೊಡ್ಡ ಕಂಪನಿಗಳೇ ಆದರು. ಕರೆಯ ಹಣವನ್ನು ಹಂಚುವ ಹಳೆಯ ಅಮೆರಿಕದ ವ್ಯಾಜ್ಯವು ಇಲ್ಲಿಯೂ ಎದ್ದಿತು. ಹಳ್ಳಿಯ ನಷ್ಟಕ್ಕೆಂದು 2003ರಿಂದ 2008ರ ವರೆಗೆ ಇತರ ಕಂಪನಿಗಳು ಬಿ.ಎಸ್.ಎನ್.ಎಲ್.ಗೆ ಒಂದು ಶುಲ್ಕವನ್ನು ತೆರುತ್ತಿದ್ದುವು. ಸಾರ್ವತ್ರಿಕ ಸೇವೆಯ ನಿಧಿಯೊಂದು 2002ರಿಂದ ಏರ್ಪಟ್ಟಿತು. 1885ರ ಕಾಯಿದೆಗೆ ಬದಲಾಗಿ 2023ರಲ್ಲಿ ಹೊಸ ದೂರಸಂಪರ್ಕ ಅಧಿನಿಯಮವನ್ನು ಸಂಸತ್ತು ಅಂಗೀಕರಿಸಿತು.

ನಿಸ್ತಂತು ದೂರವಾಣಿ ಬಂದುದರಿಂದ ಕಂಬ ತಂತಿಗಳ ಲೆಕ್ಕ ತೀರಿಹೋಯಿತೆಂದು ತಿಳಿಯುವವರಿದ್ದಾರೆ. ಅದು ಬೇರೆ ವೇಷದಲ್ಲಿ ಉಳಿದಿದೆ. ಸಂಚಾರಿ ದೂರವಾಣಿಯ ಅಲೆಗಳು ಬಹುಮಟ್ಟಿಗೆ ನೇರವಾದ ದೃಷ್ಟಿರೇಖೆಯಲ್ಲಿ ಚಲಿಸುತ್ತವೆ. ಗುಡ್ಡದ ಮರೆಯ ಬೈಲಿಗೆ, ಸೊಂಪಾಗಿ ಬೆಳೆದ ತೋಟದ ನಡುವಣ ಮನೆಗೆ ಅವು ಕ್ಷೀಣವಾಗಿ ತಲಪುತ್ತವೆ. ಬಯಲಿನ ಒಂದು ಗೋಪುರಕ್ಕೆ ಸಿಕ್ಕುವಷ್ಟು ಮನೆಗಳು ಘಟ್ಟದ ಬುಡದಲ್ಲಿ ಮೂರು ನಾಲ್ಕು ಗೋಪುರಗಳಿಗೂ ಸಿಕ್ಕುವುದಿಲ್ಲ. ಒಂದು ಮೈಲಿ ತಂತಿಗೆ ಎಷ್ಟು ಮನೆ ಎಂದು ಬೆಲ್ ಕಂಪನಿ ಕೇಳಿದ ಪ್ರಶ್ನೆಯನ್ನೇ ಇಂದಿನ ಕಂಪನಿಯು ಒಂದು ಗೋಪುರಕ್ಕೆ ಎಷ್ಟು ಮನೆ ಎಂದು ಕೇಳುತ್ತದೆ. ಈ ನಡುವೆ ಕೇಬಲ್ ದೂರದರ್ಶನದ ಕಸಬು ಮಾಡುತ್ತಿದ್ದ ಸಣ್ಣ ಉದ್ಯಮಿಗಳು ಜಿಲ್ಲೆಯ ಹಲವೆಡೆ ಗಾಜಿನೆಳೆಯ ತಂತಿಯನ್ನು ವಿದ್ಯುತ್ ಕಂಬದಿಂದ ಕಂಬಕ್ಕೆ, ಕೆಲವು ಕಡೆ ಮರದಿಂದ ಮರಕ್ಕೆ ಕಟ್ಟಿಕೊಂಡು ಮನೆಗಳಿಗೆ ಅಂತರ್ಜಾಲವನ್ನು ಒಯ್ಯುತ್ತಿದ್ದಾರೆ. ಗಾಳಿಮಳೆಗೆ ಮರದ ಕೊಂಬೆ ಮುರಿದು ಎಳೆ ತುಂಡಾದರೆ ಆ ಊರಿನ ಹುಡುಗನೇ ಏಣಿ ಹೊತ್ತುಕೊಂಡು ಬಂದು ಕೂಡಿಸಿ ಹೋಗುತ್ತಾನೆ. ಬೇಲಿಯ ಮುಳ್ಳುತಂತಿಯಲ್ಲಿ ಮಾತನಾಡಿದ ರೈತರ ಕಸಬಿಗೆ ಇದು ಹತ್ತಿರದ್ದು. ಅವರ ಹಳೆಯ ಕಷ್ಟವೂ ಇವರಿಗಿದೆ. ಮೇಲಣ ದೊಡ್ಡ ಕಂಪನಿಯಿಂದ ಸಗಟಾಗಿ ಕೊಳ್ಳುವ ದರ, ವಿದ್ಯುತ್ ಕಂಬವನ್ನು ಬಳಸುವ ಬಾಡಿಗೆ, ಹಳತಾದ ಎಳೆಯನ್ನು ಬದಲಿಸಲು ಬೇಕಾದ ಸಾಲ, ಈ ಮೂರನ್ನೂ ಸದ್ಯಕ್ಕೆ ಒಬ್ಬೊಬ್ಬನೂ ತನ್ನ ಮಟ್ಟಿಗೆ ತಾನೇ ಗೊತ್ತುಮಾಡಿಕೊಳ್ಳಬೇಕಾಗಿದೆ.